ತೊಳೆದ ಬಿರಡೆ

ಇದು ಶುರುವಾದದ್ದು ಚಳಿಗಾಲ ಇನ್ನೇನು ಮುಗಿಯಿತು ಅನ್ನುವ ದಿನಗಳಲ್ಲಿ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ. ನಡುಮನೆಯ ಬಿಸಿಲು ಕಿಟಕಿಯ ಕಡೆಗೆ ಹಿಂದೆ ಸರಿಯುತ್ತ ನೆಲದ ಮೂರನೆಯ ಕಲ್ಲಿಗೆ ಬಂದಿತ್ತು. ಎರಡನೆಯ ಕಲ್ಲಿಗೆ ಬಂದರೆ ಹನ್ನೊಂದು ಅಂತ ಅಣ್ಣನ ಅಂದಾಜು. ಅವನ ತಂಗಿ, ಐವತ್ತೆಂಟು ತುಂಬಿದರೂ ಅವನ ಬಾಯಲ್ಲಿ ಇನ್ನೂ ಪುಟ್ಟಿಯಾಗಿಯೇ ಉಳಿದವಳು, ಅಂಗಡಿಯಿಂದ ಬಂದವಳೇ ಚಪ್ಪಲಿ ಕಳಚುವುದಕ್ಕೂ ಪುರುಸೊತ್ತಿಲ್ಲದೆ ಅವನ ಮುಂದೆ ಅಂಗೈ ಚಾಚಿದಳು. ಅಂಗೈ ಮೇಲೆ ಹೆಬ್ಬೆರಳಿನ ಉಗುರಿನಷ್ಟೇ ಇದ್ದ ಒಂದು ಕಪ್ಪು ವಸ್ತು. ಒಂದು ಕಡೆ ತಗಡಿನ ಬಾಯಿ, ಇನ್ನೊಂದು ಕಡೆ ಗುಂಡನೆಯ ತಲೆ.

"ಏನು ಹೇಳು ನೋಡೋಣ."

ಅಣ್ಣ ಅದನ್ನು ತಿರುಗಿಸಿ ನೋಡಿದ. ನಲವತ್ತೊಂದು ವರ್ಷ ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಬಾಟಲಿ ತೊಳೆದು, ಕೆಂಪು ನೀರು ಬಿಳಿ ನೀರು ತುಂಬಿ, ಬಿರಡೆ ಒತ್ತಿದ ಬೆರಳುಗಳಿಗೆ ಬೇರೆ ಉತ್ತರ ಹೊಳೆಯುವುದಾದರೂ ಹೇಗೆ. "ಬಿರಡೆ," ಅಂದ. "ಸಣ್ಣ ಬಾಟ್ಲೀದು. ಕಣ್ಣಿಗೆ ಬಿಡೋ ಹನೀದಿರಬೇಕು."

ಪುಟ್ಟಿ ಗೋಡೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು, "ಇದು ವೈರ್‌ಲೆಸ್ ಅಡಾಪ್ಟರ್ ಅಣ್ಣಾ. ಕಂಪ್ಯೂಟರಿಗೆ ಇದನ್ನ ಚುಚ್ಚಿಬಿಟ್ರೆ ವೈರೇ ಬೇಡ. ಗಾಳೀಲೇ ಬರುತ್ತೆ," ಅಂದಳು.

"ಏನು ಬರುತ್ತೆ?"

"ಎಲ್ಲಾ."

ವೈರು ಬೇಡವಾಗುವುದಕ್ಕೆ ಕಾರಣ ಅಣ್ಣನೇ. ಅದು ಪುಟ್ಟಿಗೆ ಗೊತ್ತಿಲ್ಲ ಅಂದುಕೊಂಡಿದ್ದ. ಮೂರು ವಾರದ ಹಿಂದೆ ಒಂದು ಮಧ್ಯಾಹ್ನ ಬಚ್ಚಲಿಗೆ ಹೋಗಲು ಎದ್ದವನ ಕಾಲಿಗೆ ವೈರು ಸಿಕ್ಕಿ, ಗೋಡೆಯ ಮೇಲಿನ ಇಂಟರ್ನೆಟ್ ಪೆಟ್ಟಿಗೆಯಿಂದ ಕಿತ್ತು ಬಂದು, ಅದರ ತುದಿಯಲ್ಲಿದ್ದ ಚಿಕ್ಕ ಪ್ಲಾಸ್ಟಿಕ್ ನಾಲಿಗೆ ಮುರಿದುಹೋಗಿತ್ತು. ಆ ನಾಲಿಗೆ ಇದ್ದರೆ ತಾನೆ ವೈರು ಪೆಟ್ಟಿಗೆಯಲ್ಲಿ ಕಚ್ಚಿ ನಿಲ್ಲುವುದು. ಅಣ್ಣ ಅದನ್ನು ಹಾಗೇ ತುರುಕಿ, ಮುರಿದ ಚೂರನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಏನೂ ಆಗದವನ ಹಾಗೆ ಒರಗುಕುರ್ಚಿಯಲ್ಲಿ ಬಂದು ಕೂತ. ಆಮೇಲೆ ಪುಟ್ಟಿ ಹುಡುಕಾಡಿ, "ಇದರ ನಾಲಿಗೆ ಎಲ್ಲಿ ಹೋಯ್ತು?" ಅಂದಾಗ "ಇಲಿ ಕಡಿದಿರಬೇಕು" ಅಂದುಬಿಟ್ಟ. ಮನೆಯಲ್ಲಿ ಇಲಿ ಇರಲಿಲ್ಲ. ಪುಟ್ಟಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಹಲ್ಲಿಲ್ಲದ ಇಲಿ ಇರಬೇಕು," ಅಂದು ಸುಮ್ಮನಾದಳು. ಅಣ್ಣನ ಬಾಯಲ್ಲಿ ಮುಂದಿನ ಹಲ್ಲು ಎರಡೂ ಬಿದ್ದಿದ್ದವು. ಆ ಮಾತು ಅವನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಎರಡು ದಿನ ಸಿಕ್ಕಿಕೊಂಡಿತ್ತು. ಅವಳಿಗೆ ಗೊತ್ತಾಯಿತೋ, ಬರೀ ತಮಾಷೆಯೋ. ಕೇಳಿದರೆ ಒಪ್ಪಿಕೊಂಡ ಹಾಗೆ, ಕೇಳದಿದ್ದರೆ ನಿದ್ದೆಯಿಲ್ಲ.

ಎರಡು ವರ್ಷದಿಂದ ಕಂಪ್ಯೂಟರ್ ನಡುಮನೆಯಲ್ಲೇ ಇತ್ತು. ಪೆಟ್ಟಿಗೆ ಹೊಡೆಯಲು ಬಂದವರು ತಮಗೆ ಅನುಕೂಲವಾದ ಗೋಡೆಗೆ ಆಳೆತ್ತರದಲ್ಲಿ ಹೊಡೆದು ಹೋದರು. ವೈರಿನ ಉದ್ದ ಇದ್ದದ್ದು ಅಲ್ಲಿಂದ ಅಣ್ಣನ ಒರಗುಕುರ್ಚಿಯ ಪಕ್ಕದ ಮೇಜಿನವರೆಗೆ, ಎಳೆದು ಹಿಡಿದರೆ ಪುಟ್ಟಿಯ ಕೋಣೆಯ ಹೊಸ್ತಿಲವರೆಗೆ. ಹಾಗಾಗಿ ಪುಟ್ಟಿ ಕೆಲಸ ಮಾಡುತ್ತಿದ್ದದ್ದು ಅಣ್ಣನ ಮಗ್ಗುಲಲ್ಲಿ. ಲೈಬ್ರರಿಯಲ್ಲಿ ಮೂವತ್ತು ವರ್ಷ ಪುಸ್ತಕ ಕೊಟ್ಟು ತೆಗೆದುಕೊಂಡು ನಿವೃತ್ತಳಾದ ಮೇಲೆ, ದೂರದ ಊರಿನ ಒಂದು ಮುದ್ರಣಾಲಯಕ್ಕೆ ಹಳೆಯ ಪುಸ್ತಕಗಳನ್ನು ಟೈಪು ಮಾಡಿ ಕಳಿಸುವುದು ಅವಳ ಕೆಲಸ. ಅಣ್ಣ ಕಣ್ಣು ಮುಚ್ಚಿಕೊಂಡೇ ಅವಳ ಮನಸ್ಸು ಓದುತ್ತಿದ್ದ: ಮಳೆ ಹನಿಯ ಹಾಗೆ ಸಣ್ಣ ಸದ್ದು ಬಂದರೆ ಕೆಲಸ ಸುಸೂತ್ರ, ಒಂದೇ ಗುಂಡಿಯನ್ನು ಟಕ್ ಟಕ್ ಟಕ್ ಅಂತ ಕುಟ್ಟಿದರೆ ತಪ್ಪು ಅಳಿಸುತ್ತಿದ್ದಾಳೆ, ಏನೂ ಸದ್ದಿಲ್ಲದೆ ಉಸಿರು ಮಾತ್ರ ಕೇಳಿದರೆ ಪ್ರೂಫ್‌ನವರ ಕಾಗದ ಓದುತ್ತಿದ್ದಾಳೆ.

ಪ್ರೂಫ್‌ನವರು ಅಂದರೆ ಆ ಮುದ್ರಣಾಲಯದಲ್ಲಿ ತಪ್ಪು ತಿದ್ದುವವರು. ರೈಲಿನಲ್ಲಿ ಹದಿನಾಲ್ಕು ಗಂಟೆಯ ದೂರದಲ್ಲಿ ಇದ್ದುಕೊಂಡೇ ಪುಟ್ಟಿಯ ಒಂದೊಂದು ಅಕ್ಷರಕ್ಕೂ ತಕರಾರು ತೆಗೆಯುತ್ತಿದ್ದರು. ಮೊದಲು ಬರೀ ಗುರುತು ಹಾಕಿ ಕಳಿಸುತ್ತಿದ್ದರು. ಒಂದು ದಿನ ಪುಟ್ಟಿ ಅವಸರದಲ್ಲಿ ಪುಟದ ತುಂಬ ಮಹಾಪ್ರಾಣ ಬಿಟ್ಟಿದ್ದಳು. ಅವರು ಅಂಚಿನಲ್ಲಿ, "ಮೇಡಂ, ಪ್ರಾಣವೆಲ್ಲ ಅಲ್ಪವಾಗಿದೆ, ಆರೋಗ್ಯ ಹೇಗಿದೆ?" ಅಂತ ಬರೆದರು. ಪುಟ್ಟಿ ಅದನ್ನು ಗಟ್ಟಿಯಾಗಿ ಓದಿ ನಕ್ಕಳು. ಅಣ್ಣನಿಗೆ ನಗು ಬರಲಿಲ್ಲ. ಮೂರನೆಯ ಇಯತ್ತೆಯಲ್ಲಿ ಶಾಲೆ ಬಿಡುವ ಹೊತ್ತಿಗೆ ಅವನ ಮೇಷ್ಟರು ಅಕ್ಷರಗಳ ಕೆಳಗಿನ ಆ ಮಹಾಪ್ರಾಣದ ಗೀರಿನವರೆಗೆ ಬಂದಿದ್ದರು, ಅವನಿಗೆ ಹತ್ತಿರಲಿಲ್ಲ. ಇವತ್ತಿಗೂ ಅವನ ಬರವಣಿಗೆಯಲ್ಲಿ ಯಾವ ಅಕ್ಷರಕ್ಕೂ ಗೀರಿಲ್ಲ. ಆಮೇಲೆ ಕಾಗದ ಹೋಗಿ ಧ್ವನಿ ಬಂತು, ಧ್ವನಿ ಹೋಗಿ ಮುಖ ಬಂತು. ನರೆತ ಮೀಸೆ, ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ಸಿಲು. ಹೆಂಡತಿ ಸತ್ತು ಎಂಟು ವರ್ಷವಂತೆ. ಅಣ್ಣ ತೂಕಡಿಸುವವನ ಹಾಗೆ ತಲೆ ವಾಲಿಸಿಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಒಮ್ಮೆ ಅವರು ಮೆಲ್ಲಗೆ, "ನಿಮ್ಮಣ್ಣ ನಿದ್ದೆ ಮಾಡ್ತಿದ್ದಾರಾ?" ಅಂದರು. ಪುಟ್ಟಿ, "ಇಲ್ಲ, ನಿದ್ದೆ ಮಾಡ್ತಿದ್ರೆ ಗೊರಕೆ ಬರುತ್ತೆ," ಅಂದಳು. ಅವನು ಗೊರಕೆ ಹೊಡೆಯಬೇಕಾಯಿತು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಸುಳ್ಳು ಗೊರಕೆ.

ಬಿರಡೆಯನ್ನು ಕಂಪ್ಯೂಟರಿನ ಮುಖಕ್ಕೆ ಚುಚ್ಚಿದ ಕೂಡಲೇ ಅದರ ತಲೆಯಲ್ಲಿ ನೀಲಿ ಚುಕ್ಕೆಯೊಂದು ಕಣ್ಣು ಮಿಟುಕಿಸಿತು. ಅಂಗಡಿಯಾಕೆ ಹೇಳಿಕೊಟ್ಟದ್ದನ್ನು ಚೀಟಿ ನೋಡಿಕೊಂಡು ಪುಟ್ಟಿ ಒಂದೊಂದಾಗಿ ಮಾಡಿದಳು. ಪರದೆಯ ಮೇಲೆ ಉದ್ದಕ್ಕೆ ಹೆಸರುಗಳು ಬಂದವು. ಎದುರು ಮನೆ ದರ್ಜಿಯ ಪೆಟ್ಟಿಗೆ, ಮೇಲಿನ ಮಹಡಿಯ ದಾದಿಯ ಪೆಟ್ಟಿಗೆ, ಯಾರದೋ 'ಕೇಳಬೇಡಿ ಕೊಡಲ್ಲ' ಅನ್ನುವ ಹೆಸರಿನ ಪೆಟ್ಟಿಗೆ. "ಇವರೆಲ್ಲ ನಮ್ಮನೆ ಒಳಗೇ ಇದ್ದಾರಾ?" ಅಂತ ಅಣ್ಣ ಬೆಚ್ಚಿದ. "ಮೊದಲಿಂದ ಇದ್ದಾರೆ. ನಮಗೆ ಕಾಣ್ತಿರಲಿಲ್ಲ ಅಷ್ಟೇ." ಅವನು ನಡುಮನೆಯ ಗಾಳಿಯನ್ನು ಹೊಸದಾಗಿ ನೋಡಿದ. ಈ ಬಿರಡೆಯ ಧರ್ಮವೇ ತಿರುವುಮುರುವು ಅನ್ನಿಸಿತು. ಬಾಟಲಿಗೆ ಬಿರಡೆ ಹಾಕಿದರೆ ಒಳಗಿನದು ಒಳಗೆ, ಹೊರಗಿನದು ಹೊರಗೆ. ಇದನ್ನು ಹಾಕಿದರೆ ಎಲ್ಲ ತೆರೆದುಕೊಳ್ಳುತ್ತೆ, ಕಿತ್ತರೆ ಮುಚ್ಚಿಕೊಳ್ಳುತ್ತೆ. ಆ ದಿನದಿಂದ ಮನೆಯಲ್ಲಿ ಅದಕ್ಕೆ ಬಿರಡೆ ಅಂತಲೇ ಹೆಸರಾಯಿತು. ಅದೇ ಸಂಜೆ ಪುಟ್ಟಿ ಮೇಜನ್ನು, "ಸ್ವಲ್ಪ ಆ ಕಡೆ ಹಿಡಿ ಅಣ್ಣಾ," ಅನ್ನುತ್ತ ತನ್ನ ಕೋಣೆಗೆ ಎಳೆಸಿಕೊಂಡಳು. ಅಣ್ಣನೇ ಒಂದು ಕಡೆ ಹಿಡಿದ. ಒರಗುಕುರ್ಚಿಯ ಪಕ್ಕ ನೆಲದಲ್ಲಿ ಮೇಜಿನ ನಾಲ್ಕು ಕಾಲಿನ ನಾಲ್ಕು ಬಿಳಿ ಗುರುತು ಮಾತ್ರ ಉಳಿದವು.

ಬಾಗಿಲು ಹಾಕಿದರೆ ಸಿಗ್ನಲ್ಲಿನ ಒಂದು ಗೆರೆ ಕಡಿಮೆಯಾಗುತ್ತೆ ಅಂತ ಅಂಗಡಿಯಾಕೆ ಹೇಳಿದ್ದಳಂತೆ. ಅಣ್ಣ ಆ ಗೆರೆಯನ್ನೇ ನಂಬಿಕೊಂಡಿದ್ದ. ಆದರೆ ಪುಟ್ಟಿ ಒಂದು ಗೆರೆ ಹೋದರೆ ಹೋಗಲಿ ಅಂತ ಬಾಗಿಲು ಹಾಕಿಕೊಳ್ಳತೊಡಗಿದಳು. ಕೋಪದಿಂದಲ್ಲ. ಮೆಲ್ಲಗೆ, ಮಲಗಿದ ಮಗುವನ್ನು ಎಬ್ಬಿಸಬಾರದು ಅನ್ನುವ ಹಾಗೆ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಬಾಗಿಲ ಆಚೆಯಿಂದ ನಗು ಬರುತ್ತಿತ್ತು, ನಗುವಿಗೆ ಕಾರಣ ಬರುತ್ತಿರಲಿಲ್ಲ. ಅವನು ಒರಗುಕುರ್ಚಿಯಲ್ಲಿ ಕೂತು ಎದುರಿನ ಗೋಡೆಯನ್ನು ನೋಡುತ್ತಿದ್ದ. ಪೆಟ್ಟಿಗೆಯ ಸುತ್ತ ಆ ಗೋಡೆಯ ತುಂಬ ಅವನ ಪೆನ್ಸಿಲ್ ಬರಹ. 'ಸೊಮವಾರ ಬಲ್ಬು ಹಾಕಿದೆ.' 'ಶನಿವಾರ ನಲ್ಲಿ ವಾಶರು.' 'ಪುಟ್ಟಿಗೆ ಜರ, ಮೂರು ದಿನ.' ಆಸ್ಪತ್ರೆಯಲ್ಲಿ ಬಾಟಲಿಗೆ ಚೀಟಿ ಅಂಟಿಸಿ ರೂಢಿಯಾದ ಕೈ, ಯಾವುದನ್ನೂ ಬರೆಯದೆ ಬಿಡುವುದಿಲ್ಲ. ಒಂದು ದಿನದ್ದು ಮಾತ್ರ ಬರೆದಿಲ್ಲ. ಆ ದಿನ ಬುಧವಾರವೋ ಗುರುವಾರವೋ, ಔಷಧಿ ಕೋಣೆಯ ಕಿಂಡಿಯಲ್ಲಿ ಶಾಲೆಯ ಡ್ರಾಯಿಂಗ್ ಮೇಷ್ಟರು ನಿಂತಿದ್ದರು, ಕೆಮ್ಮಿನ ಔಷಧಿಗೆ. ಬೆರಳ ತುದಿಯಲ್ಲಿ ಹಸಿರು ಬಣ್ಣ. "ನಿಮ್ಮ ತಂಗೀನ ಕೇಳಿ ಹೇಳ್ತೀರಾ? ಅವರಿಗೆ ಒಪ್ಪಿಗೆ ಇದ್ರೆ ನಮ್ಮ ಮನೆಯವರು ಬರ್ತಾರೆ." ಪುಟ್ಟಿಗೆ ಆಗ ಇಪ್ಪತ್ತೈದು. ಅಮ್ಮ ಹೋಗಿ ವರ್ಷವಾಗಿರಲಿಲ್ಲ. ಆ ಒಂದು ನಿಮಿಷದಲ್ಲಿ ಅಣ್ಣನಿಗೆ ಕಂಡದ್ದು ಅಡುಗೆಮನೆಯ ಕಟ್ಟೆಯ ಮೇಲೆ ಮಗುಚಿಟ್ಟ ಒಂದೇ ತಟ್ಟೆ. "ಆಗಲೇ ಕೇಳಿದೀನಿ. ಬೇಡ ಅಂದಳು," ಅಂದ. ಕೇಳಿರಲಿಲ್ಲ. ಹೇಳುತ್ತ ಹೇಳುತ್ತ ಅಳತೆ ನೋಡದೆ ಯಾವುದೋ ಬಿರಡೆ ಒತ್ತಿ ಬಾಟಲಿ ಕೊಟ್ಟ. ಮೇಷ್ಟರು ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಅವರ ಬಿಳಿ ಅಂಗಿಯ ಜೇಬಿನಿಂದ ಕೆಂಪು ನೀರು ಇಳಿಯುತ್ತಿತ್ತು. ಅವರು ತಿರುಗಿ ನೋಡಲಿಲ್ಲ. ಅಣ್ಣನೂ ಕೂಗಲಿಲ್ಲ. ಅವತ್ತು ಮನೆಗೆ ಬಂದಾಗ ಪುಟ್ಟಿ, "ಯಾಕೋ ಮುಖ ಬಾಡಿದೆ?" ಅಂದು ಬಿಸಿನೀರು ಕಾಯಿಸಿ ಕೊಟ್ಟಿದ್ದಳು.

ಶುಕ್ರವಾರ ಊಟಕ್ಕೆ ಕೂತಾಗ ಪುಟ್ಟಿ ತಾನಾಗಿಯೇ ಮಾತು ತೆಗೆದಳು. ಅವಳು ತಟ್ಟೆಯ ಕಡೆ ನೋಡುತ್ತ ಹೇಳಿದಳು, ಅವನೂ ತಟ್ಟೆಯ ಕಡೆ ನೋಡುತ್ತ ಕೇಳಿದ.

"ಭಾನುವಾರ ಹನ್ನೊಂದಕ್ಕೆ ಪ್ರೂಫ್‌ನವರು ಬರ್ತಾರೆ. ಅಂದ್ರೆ ಪರದೆ ಮೇಲೆ. ಅವರ ಮಗಳೂ ಇರ್ತಾಳೆ. ಹಡಗಲ್ಲಿ ಅಡುಗೆ ಮಾಡೋಳು ಅಂತ ಹೇಳಿದ್ದೆನಲ್ಲ, ಅವಳೇ. ಅವತ್ತು ಹನ್ನೆರಡಕ್ಕೆ ಮನೆ ಬಿಟ್ರೆ ಮತ್ತೆ ಎಂಟು ತಿಂಗಳು."

"ಹೂಂ."

"ಮಗಳ ಎದುರಿಗೇ ನನ್ನನ್ನ ಒಂದು ಮಾತು ಕೇಳಬೇಕಂತೆ ಅವರಿಗೆ."

"ಹೂಂ."

"ಏನು ಹೂಂ? ಏನು ಮಾತು ಅಂತ ಕೇಳಲ್ವಾ?"

"ತಪ್ಪು ತಿದ್ದೋರು. ಮಹಾಪ್ರಾಣದ ಮಾತೇ ಇರಬೇಕು," ಅಂದ ಅಣ್ಣ. ಪುಟ್ಟಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳ ಕಿವಿಯ ತುದಿ ಕೆಂಪಗಾಗಿತ್ತು, ಹತ್ತು ವರ್ಷದವಳಿದ್ದಾಗ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಆಗುತ್ತಿದ್ದ ಹಾಗೆ.

ಶನಿವಾರ ಸಂಜೆ ಪುಟ್ಟಿ ತರಕಾರಿಗೆ ಹೋಗಿದ್ದಳು. ಅವಳ ಕೋಣೆಯಲ್ಲಿ ಕಸ ಗುಡಿಸಲು ಹೋದ ಅಣ್ಣ ಕಂಪ್ಯೂಟರಿನ ಧೂಳು ಒರೆಸಿದ. ಬಿರಡೆಯ ತಗಡಿನ ಅಂಚಿಗೆ ಬೆರಳಿನ ಜಿಡ್ಡು ಹತ್ತಿತ್ತು, ತಲೆಯ ಸುತ್ತ ಬೂದು ಧೂಳು. ಅದನ್ನು ಮೆಲ್ಲಗೆ ಕಿತ್ತ. ನೀಲಿ ಚುಕ್ಕೆ ಆಗಲೇ ಆರಿತ್ತು, ಕಂಪ್ಯೂಟರ್ ಮಲಗಿತ್ತು. ಅಡುಗೆಮನೆಗೆ ಹೋಗಿ ಉಗುರುಬೆಚ್ಚಗೆ ನೀರು ಮಾಡಿ, ಚಿಟಿಕೆ ಸೋಡಾ ಹಾಕಿ, ಬಿರಡೆಯನ್ನು ಅದರಲ್ಲಿ ಬಿಟ್ಟು, ನೂರು ಎಣಿಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸಂದುಗೊಂದು ತಿಕ್ಕಿ, ತಣ್ಣೀರಿನಲ್ಲಿ ಜಾಲಿಸಿ, ಕಿಟಕಿಯ ಮೇಲೆ ಬಟ್ಟೆ ಹಾಸಿ ತಲೆಕೆಳಗಾಗಿ ಇಟ್ಟ. ನಲವತ್ತೊಂದು ವರ್ಷ ಪ್ರತಿ ಸಂಜೆ ಮಾಡಿದ ಕೆಲಸ. ಬಿರಡೆ ಅಂದ ಮೇಲೆ ಸಂಜೆ ತೊಳೆಯಬೇಕು, ಇಲ್ಲದಿದ್ದರೆ ನಾಳಿನ ಔಷಧಿ ಕೆಡುತ್ತೆ. ಕೈ ತನ್ನಷ್ಟಕ್ಕೆ ಮಾಡಿತು. ಹಾಗೆ ಅವನು ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡನೋ. ಆದರೆ ನೂರು ಎಣಿಸುವಾಗ, ಎಪ್ಪತ್ತರ ಹತ್ತಿರ, ಅವನ ಮನಸ್ಸಿಗೆ ಒಂದು ಸಣ್ಣ ತಂಪು ಹೊಕ್ಕಿತ್ತು. ಭಾನುವಾರ ಹನ್ನೊಂದು ಅನ್ನುವುದು ಆ ನೀರಿನಲ್ಲಿ ಕರಗುತ್ತಿದೆ ಅನ್ನುವಂಥ ತಂಪು. ಅದು ಬಂದದ್ದು ನಿಜ. ಅದು ಬಂದ ಮೇಲೂ ಅವನು ನೂರರವರೆಗೆ ಎಣಿಸಿದ್ದೂ ನಿಜ.

ಭಾನುವಾರ ಒಂಬತ್ತಕ್ಕೆ ಪುಟ್ಟಿ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು, ತಲೆ ಬಾಚಿ, ಕೋಣೆಯೊಳಗೆ ಹೋದಳು. ಒಂದು ನಿಮಿಷವಾಯಿತು.

"ಅಣ್ಣಾ, ಇಲ್ಲಿದ್ದ ಬಿರಡೆ ಎಲ್ಲಿ?"

"ತೊಳೆದಿಟ್ಟಿದ್ದೀನಿ. ಅಡುಗೆಮನೆ ಕಿಟಕೀಲಿದೆ."

ಪುಟ್ಟಿ ಬಾಗಿಲಲ್ಲಿ ಬಂದು ನಿಂತಳು. "ತೊಳೆದಿಟ್ಟಿದ್ದೀಯ."

"ಸೋಡಾ ಹಾಕಿ. ತುಂಬಾ ಜಿಡ್ಡಿತ್ತು ಕಣೇ."

ಅವಳು ಹೋಗಿ ತಂದಳು, ಸೆರಗಿನಿಂದ ಒರೆಸಿದಳು, ಊದಿದಳು, ಚುಚ್ಚಿದಳು. ಚುಕ್ಕೆ ಹತ್ತಲಿಲ್ಲ. ಕಿತ್ತು ಮತ್ತೆ ಚುಚ್ಚಿದಳು. ಅಂಗಡಿಗೆ ಭಾನುವಾರ ರಜ. ಮಂಚದ ಅಂಚಿನಲ್ಲಿ ಕೂತು ಬಾಯಿಗೆ ಸೆರಗು ಒತ್ತಿಕೊಂಡಳು; ಭುಜ ಅಲುಗುತ್ತಿತ್ತು. ಅಣ್ಣ ಹತ್ತಿರ ಹೋಗಿ ನೋಡಿದರೆ ಅರ್ಧ ನಗು, ಅರ್ಧ ಅಳು. "ಸೋಡಾ ಹಾಕಿ!" ಅನ್ನುತ್ತಿದ್ದಳು. "ಯಾರಾದ್ರೂ ಕೇಳಿದ್ರೆ ಏನು ಹೇಳಲಿ ನಾನು. ನಮ್ಮಣ್ಣ ವೈಫೈನ ಸೋಡಾ ಹಾಕಿ ತೊಳೆದ ಅನ್ನಲಾ?"

"ಫೋನ್ ಮಾಡು ಅವರಿಗೆ."

"ಮಾಡಬಹುದು. ಈ ಗುಂಡಿ ಫೋನಲ್ಲಿ ಮುಖ ಬರಲ್ಲ, ಆ ಹುಡುಗಿ ಮುಖ ನೋಡಬೇಕು ಅಂದಿದ್ದಾಳೆ. ಇವತ್ತು ಮುಖ ತೋರಿಸದೆ ಇದ್ರೆ ಮೂಗಿಲ್ಲವೇನೋ ಅಂದ್ಕೋತಾಳೆ. ಮತ್ತೆ ಎಂಟು ತಿಂಗಳು, ಅಣ್ಣಾ. ನಮ್ಮ ವಯಸ್ಸಲ್ಲಿ ಎಂಟು ತಿಂಗಳು ಅಂದ್ರೆ..." ಅಷ್ಟಕ್ಕೇ ನಿಲ್ಲಿಸಿದಳು. ಬೈಯಲಿಲ್ಲ. ಅವಳು ಬೈದಿದ್ದರೆ ಅಣ್ಣ ಒರಗುಕುರ್ಚಿಗೆ ಹೋಗಿ ಕೂರುತ್ತಿದ್ದನೇನೋ. ಅವಳು ಬೈಯದೆ, ಉಟ್ಟ ಸೀರೆಯ ನೆರಿಗೆಯನ್ನು ಸುಮ್ಮನೆ ಸರಿಮಾಡಿಕೊಂಡಳು. ಆ ಕೈ ನೋಡಿ ಅವನಿಗೆ ಬಿಳಿ ಅಂಗಿಯ ಮೇಲಿನ ಕೆಂಪು ನೀರು ನೆನಪಾಯಿತು. ಅವನು ಸ್ಟೂಲು ತಂದು ಹತ್ತಿ, ಬೀರುವಿನ ಮೇಲೆ ಸುತ್ತಿಟ್ಟಿದ್ದ ಹಳೆಯ ವೈರನ್ನು ಇಳಿಸಿದ.

"ಅದಕ್ಕೆ ನಾಲಿಗೆ ಇಲ್ಲ. ನಿಲ್ಲಲ್ಲ ಅದು."

"ನಾನು ಹಿಡ್ಕೋತೀನಿ."

"ಎಷ್ಟು ಹೊತ್ತು ಹಿಡ್ಕೋತೀಯ?"

"ನಿನ್ನ ಮಾತು ಮುಗಿಯೋವರೆಗೆ."

ಇಬ್ಬರೂ ಸೇರಿ ಮೇಜನ್ನು ಹೊಸ್ತಿಲಿಗೆ ಎಳೆದರು. ಮೇಜು ಬಾಗಿಲನ್ನು ಪೂರ್ತಿ ಮುಚ್ಚಿತು. ಪುಟ್ಟಿ ಕೋಣೆಯ ಒಳಗೆ ಸಿಕ್ಕಿಕೊಂಡಳು, ಅಣ್ಣ ನಡುಮನೆಯಲ್ಲಿ ಉಳಿದ. ನಡುವೆ ಕಂಪ್ಯೂಟರಿನ ಬೆನ್ನು. ವೈರು ಬಿಗಿಯಾಗಿ ಎಳೆದು ನಿಂತಿತು, ಗೇಣು ಸಹ ಹೆಚ್ಚಿಲ್ಲ. ಅಣ್ಣ ಗೋಡೆಗೆ ಎದುರಾಗಿ ನಿಂತು, ಕೈ ಮೇಲೆತ್ತಿ, ನಾಲಿಗೆಯಿಲ್ಲದ ಆ ತುದಿಯನ್ನು ಪೆಟ್ಟಿಗೆಗೆ ತುರುಕಿ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಪೆಟ್ಟಿಗೆಯ ಹಸಿರು ದೀಪ ಮಿಣುಕಿತು. ಬಿಸಿಲು ಎರಡನೆಯ ಕಲ್ಲಿಗೆ ಬಂದಿತ್ತು.

"ಬಂದ್ರು!" ಅಂದಳು ಪುಟ್ಟಿ ಒಳಗಿನಿಂದ, ಬೇರೆ ಯಾರದೋ ಧ್ವನಿಯಲ್ಲಿ.

ಮೊದಲು ಹುಡುಗಿಯದೇ ಮಾತು. ಅಡುಗೆಮನೆಯಲ್ಲಿ ಹತ್ತು ಒಲೆಯ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಗಂಟಲು. "ನಮಸ್ಕಾರ. ಮುಖ ಸರಿಯಾಗಿ ಕಾಣ್ತಾ ಇದೆ. ಅಪ್ಪ ಹೇಳಿದ್ದಕ್ಕಿಂತ ಚೆನ್ನಾಗಿದ್ದೀರಿ." ಪ್ರೂಫ್‌ನವರು ಕೆಮ್ಮಿದರು. "ನಿಮ್ಮನ್ನ ಏನಂತ ಕರೀಲಿ? ಆಂಟಿ ಅನ್ನಬಹುದು. ಅಮ್ಮ ಅಂತ ಮಾತ್ರ ಅನ್ನಲ್ಲ, ಈಗಲೇ ಹೇಳಿಬಿಡ್ತೀನಿ." "ಅನ್ನಬೇಡಮ್ಮ. ಅಮ್ಮ ಒಬ್ಬಳೇ," ಅಂದಳು ಪುಟ್ಟಿ. "ನಮ್ಮಣ್ಣ ಪುಟ್ಟಿ ಅಂತಾನೆ, ಬೇಕಾದ್ರೆ ನೀನೂ ಹಾಗೇ ಅನ್ನು." ಆ ಕಡೆ ನಗು. "ಅಪ್ಪ ಗೊರಕೆ ಹೊಡೀತಾರೆ, ಹೇಳಿದ್ದಾರಾ?" "ನನಗೆ ಅದು ಲಾಲಿ ಇದ್ದ ಹಾಗೆ. ಐವತ್ತು ವರ್ಷದಿಂದ ಕೇಳ್ತಿದ್ದೀನಿ." ಅಣ್ಣ ಗೋಡೆಯ ಕಡೆ ಮುಖ ಮಾಡಿಕೊಂಡು ಇದನ್ನೆಲ್ಲ ಕೇಳಿದ. ತೋಳು ಮರಗಟ್ಟುತ್ತ ಬಂತು. ಕಣ್ಣಿನ ಎದುರಿಗೇ 'ಪುಟ್ಟಿಗೆ ಜರ, ಮೂರು ದಿನ'. ಆ ಮೂರು ದಿನ ಅವಳ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಾಯಿಸುತ್ತ ಕೂತದ್ದು ಇದೇ ಕೈ. ಅಂಥ ಕೈ ಈಗ ಬೆರಳು ಒಂದಿಷ್ಟು ಸಡಿಲಿಸಿದರೆ ಸಾಕು, ಯಾರೂ ತಪ್ಪು ಅನ್ನುವುದಿಲ್ಲ, ಎಪ್ಪತ್ತೊಂದು ವರ್ಷದ ತೋಳು ಸೋತಿತು ಅನ್ನುತ್ತಾರೆ. ಹಾಗೆ ಅಂದುಕೊಂಡನೋ ಇಲ್ಲವೋ, ದೀಪ ಆರಿತು.

"ಅಣ್ಣಾ! ಹೋಯ್ತು! ಹೋದ್ರು!"

ಬೆರಳು ಜಾರಿದ್ದೋ, ಜಾರಲು ಬಿಟ್ಟದ್ದೋ? ಮತ್ತೆ ಅದೇ ಪ್ರಶ್ನೆ. ಅಣ್ಣ ಎಡಗೈಯನ್ನೂ ಎತ್ತಿ ಬಲಗೈಯ ಮೇಲೆ ಇಟ್ಟು, ಹಣೆಯನ್ನು ಗೋಡೆಗೆ ಒತ್ತಿ, ಮೈಭಾರವನ್ನೆಲ್ಲ ಆ ಒಂದು ಹೆಬ್ಬೆರಳಿಗೆ ಹಾಕಿದ. ದೀಪ ಮಿಣುಕಿತು. "ಬಂದ್ರು, ಬಂದ್ರು," ಅಂದಳು ಪುಟ್ಟಿ. "ಕ್ಷಮಿಸಿ, ನಮ್ಮ ಬಿರಡೆ... ಏನಿಲ್ಲ, ಆಮೇಲೆ ಹೇಳ್ತೀನಿ."

ಪ್ರೂಫ್‌ನವರ ಗಂಟಲು ಸರಿಮಾಡಿಕೊಂಡ ಸದ್ದು ಬಂತು. "ಅಲ್ಲ, ಕೇಳೋದಕ್ಕೆ ಮುಂಚೆ ಒಂದು ವಿಷಯ. ನಿಮ್ಮ ಅಣ್ಣನವರು ಏನಂತಾರೆ? ಮೊದಲು ಅವರನ್ನ ಒಂದು ಮಾತು ಕೇಳೋದು ಕ್ರಮ ಅಲ್ವಾ? ಅವರನ್ನ ಸ್ವಲ್ಪ ಕರೀತೀರಾ?"

"ಅವನು ಬರೋಕಾಗಲ್ಲ."

"ಯಾಕೆ, ಮೈ ಹುಷಾರಿಲ್ವಾ?"

"ಅವನು ಬಂದ್ರೆ ನೀವು ಹೋಗ್ತೀರಿ," ಅಂದಳು ಪುಟ್ಟಿ.

ಆ ಕಡೆ ಯಾರಿಗೂ ಅರ್ಥವಾಗಲಿಲ್ಲ. ಈ ಕಡೆ ಅಣ್ಣನಿಗೆ ತನ್ನ ಇಡೀ ಆಯುಷ್ಯವನ್ನು ಯಾರೋ ನಾಲ್ಕೇ ಪದದಲ್ಲಿ ಚೀಟಿ ಬರೆದು ಅಂಟಿಸಿದ ಹಾಗಾಯಿತು. ಕಿಂಡಿಯ ಆಚೆ ಹಸಿರು ಬೆರಳಿನ ಮೇಷ್ಟರು ನಿಂತಿದ್ದರು, ಇನ್ನೂ ಕಾಯುತ್ತಿದ್ದರು. ಅಣ್ಣ ಗೋಡೆಯ ಕಡೆಗೇ ಮುಖ ಇಟ್ಟುಕೊಂಡು, ಹಿಂದೆಂದೂ ಮನೆಯೊಳಗೆ ಎತ್ತದ ಧ್ವನಿ ಎತ್ತಿ ಕೂಗಿದ:

"ನನ್ನನ್ನ ಯಾಕೆ ಕೇಳ್ತೀರಿ? ಅವಳನ್ನೇ ಕೇಳಿ!"

ಎದುರು ಮನೆ ದರ್ಜಿಯ ಹೊಲಿಗೆ ಯಂತ್ರ ಕೂಡ ಒಂದು ಗಳಿಗೆ ನಿಂತಿತು. ಆಮೇಲೆ ಪ್ರೂಫ್‌ನವರು ನಿಧಾನವಾಗಿ, ಒಂದೊಂದು ಅಕ್ಷರವನ್ನೂ ತಪ್ಪಿಲ್ಲದೆ, "ಹಾಗಾದ್ರೆ ನಿಮ್ಮನ್ನೇ ಕೇಳ್ತೀನಿ. ನೀವು ಇಲ್ಲಿಗೆ ಬಂದು ನನ್ನ ಜೊತೆ ಇರ್ತೀರಾ?" ಅಂದರು. ಎಷ್ಟು ಹೊತ್ತು ಮೌನ ಅಂದರೆ, ಮತ್ತೆ ಕಡಿದುಹೋಯಿತು ಅಂತ ಅಣ್ಣ ತಲೆಯೆತ್ತಿ ದೀಪ ನೋಡಿದ. ದೀಪ ಮಿಣುಕುತ್ತಿತ್ತು. ಇದು ವೈರಿನ ಮೌನವಲ್ಲ, ಪುಟ್ಟಿಯದು. ಅವನು ಇನ್ನಷ್ಟು ಒತ್ತಿ ಹಿಡಿದ.

"ಬರ್ತೀನಿ," ಅಂದಳು ಪುಟ್ಟಿ.

ಎಲ್ಲ ಮುಗಿದ ಮೇಲೆ ಅವಳು ಮೇಜಿನ ಅಡಿಯಲ್ಲಿ ಮಗುವಿನ ಹಾಗೆ ಅಂಬೆಗಾಲಿಕ್ಕಿ ಹೊರಗೆ ಬಂದಳು, ಇಸ್ತ್ರಿ ಸೀರೆಯೆಲ್ಲ ಮುದುರಿ. ಅಣ್ಣ ಇನ್ನೂ ಹಾಗೇ ನಿಂತಿದ್ದ. "ಬಿಡು ಅಣ್ಣಾ, ಅವರು ಹೋದ್ರು." ಬೆರಳು ಬಿಡಲು ಬರಲಿಲ್ಲ. ಅವಳೇ ಬಿಡಿಸಿದಳು. ಹೆಬ್ಬೆರಳಿನ ತುದಿಯಲ್ಲಿ ವೈರಿನ ಚೌಕದ ಅಚ್ಚು ಬಿದ್ದಿತ್ತು. ಒರಗುಕುರ್ಚಿಯಲ್ಲಿ ಕೂರಿಸಿ, ಎಣ್ಣೆ ತಂದು, ನೆಲದಲ್ಲಿ ಕೂತು ಅದನ್ನು ತಿಕ್ಕತೊಡಗಿದಳು. ಅಣ್ಣ ಅವಳ ಬೈತಲೆಯ ಬಿಳಿ ಕೂದಲು ನೋಡುತ್ತ ಹೇಳಿದ:

"ಬಿರಡೆ ತೊಳೆದದ್ದು ಬರೀ ಅಭ್ಯಾಸ ಅಲ್ಲ ಕಣೇ."

"ಗೊತ್ತು."

"ವೈರಿನ ನಾಲಿಗೆ ಮುರಿದದ್ದೂ ನಾನೇ."

"ಹಲ್ಲಿಲ್ಲದ ಇಲಿ. ಗೊತ್ತು."

"ಇನ್ನೊಂದಿದೆ." "ಆ ಡ್ರಾಯಿಂಗ್ ಮೇಷ್ಟರು..."

ಪುಟ್ಟಿಯ ಕೈ ನಿಂತಿತು. ಆಮೇಲೆ ಮತ್ತೆ ತಿಕ್ಕಿತು. "ಅವರು ಮಾರನೇ ದಿನವೇ ಲೈಬ್ರರಿಗೆ ಬಂದಿದ್ರು, ಪುಸ್ತಕ ವಾಪಸ್ ಕೊಡೋಕೆ. 'ನೀವು ಬೇಡ ಅಂದ್ರಂತೆ, ಬೇಜಾರಿಲ್ಲ' ಅಂದ್ರು. ನಾನು ಸುಮ್ಮನೆ ಪುಸ್ತಕ ತಗೊಂಡು ಮುದ್ರೆ ಒತ್ತಿದೆ."

"ಮೂವತ್ತಮೂರು ವರ್ಷ ಗೊತ್ತಿದ್ದೂ..."

"ನೀನು ಹೇಳ್ತೀಯ ಅಂತ ಕಾದೆ. ಮೊದಮೊದಲು ಸಿಟ್ಟಿತ್ತು. ಆಮೇಲೆ ಕಾಯೋದೇ ಒಂದು ಅಭ್ಯಾಸ ಆಯ್ತು, ನಿನ್ನ ಸೋಡಾ ನೀರಿನ ಹಾಗೆ." ತಲೆಯೆತ್ತಿ ಅವನ ಮುಖ ನೋಡಿದಳು. "ನಿಜ ಹೇಳ್ಲಾ? ನೀನು ಕೇಳಿದ್ದಿದ್ರೂ ನಾನು ಬೇಡ ಅಂತಲೇ ಹೇಳ್ತಿದ್ದೆ. ಆ ಮನುಷ್ಯ ಓದಿದ ಪುಸ್ತಕದ ಹಾಳೆಯೆಲ್ಲ ಕಿವಿ ಮಡಚಿರ್ತಿತ್ತು. ಆದ್ರೆ ಅದು ನನ್ನ ಬೇಡ ಆಗಿತ್ತು, ಅಣ್ಣಾ. ನನ್ನ ಬಾಯಿಂದ ಬರಬೇಕಾಗಿತ್ತು. ನೀನು ಅದನ್ನ ನಿನ್ನ ಬಾಯಲ್ಲಿ ಖರ್ಚು ಮಾಡಿಬಿಟ್ಟೆ."

ಅವಳು ಅವನ ಹೆಬ್ಬೆರಳನ್ನು ಸೆರಗಿನಿಂದ ಒರೆಸಿ ಅವನ ಮಡಿಲಲ್ಲಿ ವಾಪಸ್ಸಿಟ್ಟಳು, ಲೈಬ್ರರಿಯಲ್ಲಿ ಪುಸ್ತಕ ಕೊಡುವ ಹಾಗೆ. "ಇವತ್ತಿನ ಬರ್ತೀನಿ ಮಾತ್ರ ನಂದೇ," ಅಂದಳು. "ಅದನ್ನ ನೀನು ಕೈ ಸೋಲೋವರೆಗೂ ಹಿಡ್ಕೊಂಡಿದ್ದೆ. ಲೆಕ್ಕ ಸರಿಹೋಯ್ತು ಅನ್ನಲ್ಲ. ಊಟ ಮಾಡು ಏಳು."

ಬಿರಡೆಯನ್ನು ಮೂರು ದಿನ ಬಿಸಿಲಲ್ಲಿಟ್ಟರು. ನಾಲ್ಕನೆಯ ದಿನ ಅಣ್ಣನೇ ಚುಚ್ಚಿದ. ನೀಲಿ ಚುಕ್ಕೆ ಏನೂ ಆಗಿಲ್ಲದ ಹಾಗೆ ಕಣ್ಣು ಮಿಟುಕಿಸಿತು. ಅಂಗಡಿಯಾಕೆ ನಂಬಲಿಲ್ಲ. "ತಾತಾ, ಇನ್ನು ಮೇಲೆ ತೊಳೆಯೋದಿದ್ರೆ ನಮ್ಮ ಅಂಗಡೀದೆಲ್ಲ ತಂದು ಕೊಡ್ತೀನಿ," ಅಂದಳು.

ತಿಂಗಳು ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಪ್ರೂಫ್‌ನವರು ಬಂದರು, ಪರದೆಯಿಂದ ಇಳಿದು, ಅಂದುಕೊಂಡದ್ದಕ್ಕಿಂತ ಗಿಡ್ಡಗೆ. ಮಂಗಳವಾರ ರಿಜಿಸ್ಟರ್ ಕಚೇರಿಯಲ್ಲಿ ಸಹಿ ಆಯಿತು. ಸಾಕ್ಷಿಯ ಜಾಗದಲ್ಲಿ ಅಣ್ಣ ಹೆಸರು ಬರೆದ. ಪ್ರೂಫ್‌ನವರು ಅರ್ಜಿಯ ಅಚ್ಚಿನಲ್ಲಿ ಮೂರು ತಪ್ಪು ಹುಡುಕಿ ಗುಮಾಸ್ತನಿಗೆ ತೋರಿಸಿ ಬೈಸಿಕೊಂಡರು. ಅವತ್ತು ಸಂಜೆ ಮೂವರೂ ಸೇರಿ ಮೇಜನ್ನು ಮತ್ತೆ ನಡುಮನೆಗೆ ತಂದರು. ವೈರಿನ ಹಂಗಿಲ್ಲವಲ್ಲ, ಒರಗುಕುರ್ಚಿಯನ್ನು ಪೆಟ್ಟಿಗೆಯ ಗೋಡೆಗೆ ಬೆನ್ನಾಗಿ ತಿರುಗಿಸಿ, ಅದಕ್ಕೆ ಎದುರಾಗಿ ಇಟ್ಟರು. ಕಂಪ್ಯೂಟರ್ ಇಲ್ಲೇ ಇರಲಿ, ಅಲ್ಲಿ ಅವರದ್ದಿದೆ ಅಂದಳು ಪುಟ್ಟಿ. ಯಾವ ಗುಂಡಿ ಮೊದಲು, ಯಾವುದು ಆಮೇಲೆ ಅಂತ ಹತ್ತು ಸಲ ಹೇಳಿಕೊಟ್ಟು, ಬಿರಡೆಯ ಪಕ್ಕ ಒಂದು ಚೀಟಿ ಅಂಟಿಸಿದಳು, ಅಣ್ಣನ ಔಷಧಿ ಬಾಟಲಿಯ ಚೀಟಿಯ ಹಾಗೆಯೇ, ದಪ್ಪ ಅಕ್ಷರದಲ್ಲಿ: 'ತೊಳೆಯಬಾರದು.' ಮಳೆಗಾಲ ಹಿಡಿಯುವ ಮೊದಲು ಅಲ್ಲಿಗೆ ಬರಬೇಕು ಅಂತ ಆಣೆ ಹಾಕಿಸಿಕೊಳ್ಳಲು ನೋಡಿದಳು. "ನೋಡೋಣ, ನಿನ್ನ ಗಂಡ ಗೊರಕೆಯಲ್ಲಿ ನನ್ನ ಸೋಲಿಸ್ತಾನೋ ಏನೋ," ಅಂದ ಅಣ್ಣ.

ಅವಳು ಹೋದ ಮಾರನೆಯ ಸಂಜೆ ಅವನು ಚೀಟಿ ನೋಡಿಕೊಂಡು ಗುಂಡಿ ಒತ್ತಿದ. ಮೂರನೆಯ ಸಲಕ್ಕೆ ಪುಟ್ಟಿಯ ಮುಖ ಬಂತು, ಹಿಂದೆ ಕೆಂಪು ಪೆನ್ಸಿಲು. ಊಟ ಮಾಡಿದೆಯಾ, ಹಾಲು ಕಾಯಿಸಿದೆಯಾ ಎಲ್ಲ ಆಯಿತು. ಆಮೇಲೆ ಅವಳು ಕಣ್ಣು ಕಿರಿದು ಮಾಡಿ ಅವನ ಭುಜದ ಮೇಲಿಂದ ಹಿಂದಿನ ಗೋಡೆ ನೋಡಿದಳು. ಪೆಟ್ಟಿಗೆಯ ಕೆಳಗೆ ಹೊಸ ಸಾಲೊಂದಿತ್ತು.

"ಅಣ್ಣಾ, ಏನೋ ಅದು ಬರೆದಿರೋದು? ಬುದವಾರ?"

"ಪ್ರಾಣ ಅಲ್ಪವಾಗಿದೆ," ಅಂದರು ಪ್ರೂಫ್‌ನವರು ಹಿಂದಿನಿಂದ, ಮೆಲ್ಲಗೆ. "ಆರೋಗ್ಯ ಹೇಗಿದೆ ಭಾವಾ?"

"ಗಟ್ಟಿಯಾಗಿದ್ದೀನಿ," ಅಂದ ಅಣ್ಣ. "ಎಲ್ಲಿ ಎಳೀಬೇಕು ಹೇಳಿ."

"ದಕಾರದ ಕೆಳಗೆ. ಒಂದೇ ಗೀರು. ಜೋರಾಗಿ ಬೇಡ."

ಅಣ್ಣ ಎದ್ದು, ಕಿವಿಯಿಂದ ಪೆನ್ಸಿಲ್ ತೆಗೆದು, ಇಬ್ಬರೂ ನೋಡುತ್ತಿರುವ ಹಾಗೇ ಆ ಅಕ್ಷರದ ಕೆಳಗೆ ಗೀರು ಎಳೆದ, ಬಿರಡೆ ಒತ್ತುವಷ್ಟೇ ಒತ್ತಿ. ಸ್ವಲ್ಪ ಹಿಂದೆ ಸರಿದು ಓದಿಕೊಂಡ. ಬುಧವಾರ, ಪುಟ್ಟಿ ಹೋದಳು.